ಕೃತಕ ಮಂಡಿಯನ್ನು ಕಂಪ್ಯೂಟರ್‌ನಲ್ಲಿ ಪರೀಕ್ಷಿಸುವುದು ಹೇಗೆ?

ತುಮಕೂರು, ಕೋಲಾರದ ಕಡೆ ಮೆಕ್ಯಾನಿಕಲ್ ಓದುತ್ತಿದ್ದೀರಾ? ಪ್ರಾಜೆಕ್ಟ್‌ಗೆ ಕೃತಕ ಮಂಡಿ ಆರಿಸಿಕೊಂಡಿದ್ದರೆ, ದುಬಾರಿ ಸಾಫ್ಟ್‌ವೇರ್ ಇಲ್ಲ ಅಂತ ಸುಮ್ನೆ ಕೂರಬೇಡಿ. ಹೆಸರು, ವಿವರ ತೆಗೆದ ಒಂದು ಸಿಟಿ ಸ್ಕ್ಯಾನ್ ಅನ್ನು ಅನುಮತಿ ಕೇಳಿ ಪಡೆಯಿರಿ. ತ್ರೀಡಿ ಸ್ಲೈಸರ್ (3D Slicer) ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಮೂಳೆಯ ಆಕಾರ ಬಿಡಿಸಿ, ಅದಕ್ಕೆ ಕೃತಕ ಮಂಡಿ ಜೋಡಿಸಿ, ಭಾರ ಬಿದ್ದಾಗ ಎಲ್ಲಿ ಎಷ್ಟು ಒತ್ತಡ ಬೀಳುತ್ತದೆ ಅಂತ ಫೆಬಿಯೋ (FEBio) ಅನ್ನೋ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಮಾಡಿಸಿ.

ಮುಖ್ಯವಾದದ್ದು ಬಿಗಿತ, ಅಂದರೆ ಭಾರ ಬಿದ್ದಾಗ ವಸ್ತು ಆಕಾರ ಬದಲಿಸದೆ ಎಷ್ಟು ತಡೆಯುತ್ತದೆ ಅನ್ನೋದು. ಗಟ್ಟಿ ಮೂಳೆಗೆ ಸುಮಾರು 17 ಗಿಗಾಪಾಸ್ಕಲ್, ಟೈಟಾನಿಯಂ ಮಿಶ್ರಲೋಹಕ್ಕೆ 110, ಕೋಬಾಲ್ಟ್ ಕ್ರೋಮ್‌ಗೆ 200ಕ್ಕೂ ಜಾಸ್ತಿ, ಲೋಹದ ಭಾಗಗಳ ನಡುವೆ ಕೂರುವ ಪ್ಲಾಸ್ಟಿಕ್‌ಗೆ ಬರೀ 1ರ ಆಸುಪಾಸು. ಲೋಹ ಇಷ್ಟು ಬಿಗಿಯಾಗಿರುವುದರಿಂದ ಭಾರದ ಹೆಚ್ಚು ಪಾಲನ್ನು ಅದೇ ಹೊರುತ್ತದೆ, ಕೆಲಸ ಕಡಿಮೆಯಾದ ಮೂಳೆ ನಿಧಾನವಾಗಿ ಸೊರಗುತ್ತದೆ, ಹಾಗಾಗಿ ಲೋಹ ಮುರಿಯಲಿಲ್ಲ ಅಂತ ಖುಷಿಪಡುವ ಮೊದಲು ಮೂಳೆಗೆ ಎಷ್ಟು ಒತ್ತಡ ತಲುಪಿದೆ ನೋಡಿ.

ಭಾರ? ಮಾಮೂಲಿ ನಡಿಗೆಗೆ ದೇಹದ ತೂಕದ 2ರಿಂದ 3 ಪಟ್ಟು ಹಾಕಿ. ಅಷ್ಟಕ್ಕೇ ನಿಲ್ಲಿಸಬೇಡಿ. ಕೋಲಾರದ ಟೊಮೆಟೊ ತೋಟದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಳೆ ಕೀಳುವವರ ಮಂಡಿ 120 ಡಿಗ್ರಿಗೂ ಜಾಸ್ತಿ ಮಡಚುತ್ತದೆ. ನಮ್ಮ ಜನಕ್ಕೆ ಅದೂ ಬೇಕಲ್ವಾ? ಆ ಭಂಗಿಯನ್ನೂ ಲೆಕ್ಕ ಮಾಡಿ.

ಬಣ್ಣಬಣ್ಣದ ಚಿತ್ರ ಬಂದ ಮಾತ್ರಕ್ಕೆ ಉತ್ತರ ಸರಿ ಅಂತಲ್ಲ. ಲೆಕ್ಕಕ್ಕಾಗಿ ಆಕಾರವನ್ನು ಪುಟ್ಟ ತುಂಡುಗಳಾಗಿ ಒಡೆದ ಜಾಲಕ್ಕೆ ಮೆಷ್ ಅಂತಾರೆ; ಆ ತುಂಡುಗಳನ್ನು ಇನ್ನೂ ಸಣ್ಣದು ಮಾಡಿ ಮತ್ತೆ ಓಡಿಸಿ, ಅದರಲ್ಲೂ ಲೋಹ ಪ್ಲಾಸ್ಟಿಕ್‌ಗೆ ತಾಗುವ ಜಾಗದಲ್ಲಿ. ಉತ್ತರ ಬದಲಾದರೆ ಇನ್ನೂ ಸಣ್ಣದು ಮಾಡಿ.