ಆಫ್ರಿಕದ ಗೇರುಬೀಜ ಪಣಂಬೂರಿಗೆ ಬರುವ ದಾರಿಯಲ್ಲಿ ಸರ್ಕಾರಗಳ ಪಾಲು

ಮಂಗಳೂರು, ಕಾರ್ಕಳ, ಉಡುಪಿ ಕಡೆಯ ಗೇರುಬೀಜದ ಫ್ಯಾಕ್ಟರಿಗಳು ಊರಿನ ಬೀಜವನ್ನೇ ನಂಬಿ ಕೂತರೆ ವರ್ಷದ ಬಹುಪಾಲು ಬಾಗಿಲು ಹಾಕಬೇಕಾಗುತ್ತದೆ. ಕೆಲಸ ನಡೆಯುವುದು ಐವರಿ ಕೋಸ್ಟ್, ಘಾನಾ, ಗಿನಿ ಬಿಸ್ಸಾವ್, ಟಾಂಜಾನಿಯಾಗಳ ಬೀಜದಿಂದ. ದೆಹಲಿಯ ಶೃಂಗಸಭೆಯಲ್ಲಿ ಘೋಷಣೆಯಾದ ಸೌಲಭ್ಯ ಪಣಂಬೂರು ಬಂದರಿನ ಬಿಲ್ ಆಫ್ ಎಂಟ್ರಿಗೆ (ಆಮದು ಸರಕಿಗೆ ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆ) ತಲುಪುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ, ಎಲ್ಲಿ ಸೋರುತ್ತದೆ ಎನ್ನುವುದನ್ನು ಆಮದಿನ ಕೆಲಸ ಸಾಗುವ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಸುಂಕ. ಇಡೀ ಬೀಜದ, ಅಂದರೆ ಒಡೆಯದ ಬೀಜದ, ಆಮದು ಸುಂಕವನ್ನು 2018ರ ಬಜೆಟ್ ಶೇ. 5ರಿಂದ 2.5ಕ್ಕೆ ಇಳಿಸಿತು. ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್ ಸೇರಿ ನಿಜವಾಗಿ ಬೀಳುವುದು ಶೇ. 2.75. ಟನ್ನಿಗೆ 1,300 ಡಾಲರ್ ಬೆಲೆ ಹಿಡಿದರೆ 16 ಟನ್ನಿನ ಒಂದು ಕಂಟೇನರಿಗೆ 572 ಡಾಲರ್. ತಿರುಳನ್ನು ರಫ್ತು ಮಾಡುವವರು ಅಡ್ವಾನ್ಸ್ ಆಥರೈಸೇಶನ್ (ರಫ್ತಿಗೆ ಬೇಕಾದ ಕಚ್ಚಾ ಮಾಲನ್ನು ಸುಂಕವಿಲ್ಲದೆ ತರಿಸುವ ಪರವಾನಗಿ) ಪಡೆದು ಇದರಿಂದ ಪಾರಾಗುತ್ತಾರೆ. ಆದರೆ ಈಗ ಇಲ್ಲಿ ಒಡೆದ ತಿರುಳಿನ ದೊಡ್ಡ ಪಾಲು ದೇಶದೊಳಗೇ ಮಾರಾಟವಾಗುತ್ತದೆ. ಅಂಥವರಿಗೆ ಆಸರೆ 2008ರ ಏಪ್ರಿಲ್‌ನಲ್ಲಿ ಭಾರತ–ಆಫ್ರಿಕ ಶೃಂಗಸಭೆಯಲ್ಲಿ ಘೋಷಿಸಿದ ಡಿಎಫ್‌ಟಿಪಿ ಯೋಜನೆ. ಅತಿ ಹಿಂದುಳಿದ ದೇಶಗಳ ಸರಕಿಗೆ ಸುಂಕ ಬಿಡುವ ಆ ಘೋಷಣೆಯಲ್ಲಿ ಗೇರುಬೀಜದ ಹೆಸರೂ ಇತ್ತು. ಟಾಂಜಾನಿಯಾ, ಮೊಜಾಂಬಿಕ್, ಗಿನಿ ಬಿಸ್ಸಾವ್, ಬುರ್ಕಿನಾ ಫಾಸೊ ಈ ಪಟ್ಟಿಯ ಒಳಗಿವೆ. ಐವರಿ ಕೋಸ್ಟ್, ಘಾನಾ, ನೈಜೀರಿಯಾ ಹೊರಗಿವೆ.

ತೊಂದರೆ ಶುರುವಾಗುವುದು ಮೂಲ ಪ್ರಮಾಣಪತ್ರದಲ್ಲಿ, ಅಂದರೆ ಸರಕು ಯಾವ ದೇಶದ್ದೆಂದು ಹೇಳುವ ಪತ್ರದಲ್ಲಿ. ಬುರ್ಕಿನಾ ಫಾಸೊಗೆ ಸಮುದ್ರವಿಲ್ಲ. ಅಲ್ಲಿಯ ಬೀಜ ಹಡಗು ಹತ್ತುವುದು ನೆರೆದೇಶದ ಬಂದರಿನಲ್ಲಿ. ಗಡಿ ದಾಟಿ ಬೀಜ ಆಚೀಚೆ ಹೋಗುವುದೂ ಎಲ್ಲರಿಗೂ ಗೊತ್ತಿದ್ದದ್ದೇ, ಹಾಗಾಗಿ ಕಸ್ಟಮ್ಸ್‌ನವರ ಅನುಮಾನಕ್ಕೆ ಕಾರಣವಿಲ್ಲದೆ ಇಲ್ಲ. 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ, ಸರಕಿನ ಮೂಲ ದೇಶ ಪರಿಶೀಲಿಸುವ ಕಾರೊಟಾರ್ ನಿಯಮದ ಪ್ರಕಾರ ಪ್ರಮಾಣಪತ್ರ ಒಪ್ಪಿಸಿದರೆ ಮುಗಿಯಲಿಲ್ಲ. ಬೀಜ ಆ ದೇಶದಲ್ಲೇ ಬೆಳೆದದ್ದು ಎನ್ನುವ ಮಾಹಿತಿ ಆಮದುದಾರನ ಕೈಯಲ್ಲೇ ಇರಬೇಕು, ಅಧಿಕಾರಿ ಕೇಳಿದ 10 ಕೆಲಸದ ದಿನದೊಳಗೆ ಕೊಡಬೇಕು, ದಾಖಲೆಯನ್ನು 5 ವರ್ಷ ಇಟ್ಟುಕೊಳ್ಳಬೇಕು. ಆದ್ದರಿಂದ ಎಲ್‌ಸಿ (ಮಾರುವವನಿಗೆ ಬ್ಯಾಂಕು ಕೊಡುವ ಪಾವತಿಯ ಭರವಸೆ ಪತ್ರ) ತೆರೆಯುವ ಮೊದಲೇ ಮಾರುವವನಿಂದ ಗೋದಾಮಿನ ರಶೀದಿ, ಖರೀದಿಯ ಜಿಲ್ಲೆ, ಲಾರಿಯ ದಾಖಲೆ ತರಿಸಿಕೊಳ್ಳಿ. ಹಡಗು ಹೊರಟ ಮೇಲೆ ಕೇಳಿದರೆ ಬರುವುದು ವಾಟ್ಸ್ಆ್ಯಪ್‌ನ ಮಸುಕು ಫೋಟೊ ಮಾತ್ರ. ಕೊಲಂಬೊ ಅಥವಾ ಜೆಬೆಲ್ ಅಲಿಯಲ್ಲಿ ಹಡಗು ಬದಲಾಗುವುದಿದ್ದರೆ, ಹೊರಟ ಬಂದರಿನಿಂದ ಮಂಗಳೂರಿನವರೆಗೆ ಒಂದೇ ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸಾಗಣೆ ಪತ್ರ) ಇರಲಿ. ನಡುವೆ ಎರಡನೆಯದೊಂದು ಹುಟ್ಟಿಕೊಂಡರೆ ನೇರ ಸಾಗಣೆಯ ಷರತ್ತು ಮುರಿದಂತೆ, ರಿಯಾಯಿತಿಯೂ ಹೋದಂತೆ.

ಇನ್ನೊಂದು ಅಡ್ಡಿ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಪ್ರಮಾಣಪತ್ರಕ್ಕೆ ಸಹಿ ಹಾಕುವ ಅಧಿಕಾರಿಗಳ ಸಹಿ, ಮೊಹರಿನ ಮಾದರಿಯನ್ನು ಆ ದೇಶ ಭಾರತಕ್ಕೆ ಕಳಿಸಿರಬೇಕು. ಅಲ್ಲಿ ಅಧಿಕಾರಿ ಬದಲಾಗಿ ಹೊಸ ಮಾದರಿ ಇನ್ನೂ ಬಂದಿರದಿದ್ದರೆ ಪತ್ರ ಪರಿಶೀಲನೆಗೆ ಹೋಗುತ್ತದೆ, ಸರಕನ್ನು ಭದ್ರತೆ ಕಟ್ಟಿ ತಾತ್ಕಾಲಿಕವಾಗಿ ಬಿಡಿಸಿಕೊಳ್ಳಬೇಕು. ಸುಂಕ ಸೊನ್ನೆಯಾದರೂ ಗ್ಯಾರಂಟಿಯ ಕಮಿಷನ್, ಡೆಮರೇಜ್ (ಬಂದರಿನಲ್ಲಿ ಸರಕು ತಡವಾಗಿ ಉಳಿದದ್ದಕ್ಕೆ ಶುಲ್ಕ) ಸೇರಿ ಉಳಿತಾಯವನ್ನೆಲ್ಲ ನುಂಗುತ್ತವೆ. ಎರಡು ಸರ್ಕಾರಗಳ ನಡುವೆ ಮೂಲ ಪ್ರಮಾಣಪತ್ರ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುವ ವ್ಯವಸ್ಥೆಯಾದರೆ ಈ ರಗಳೆಯೇ ಇರುವುದಿಲ್ಲ. ಹೊಸ ಒಪ್ಪಂದ ಬೇಕಾಗಿಲ್ಲ, ಇರುವುದನ್ನು ತಂತಿಯ ಮೇಲೆ ಹಾಕಿದರೆ ಸಾಕು. ನನ್ನನ್ನು ಕೇಳಿದರೆ ಶೃಂಗಸಭೆಗಿಂತ ಮೊದಲು ಆಗಬೇಕಾದ್ದು ಇದು.

ಗುಣಮಟ್ಟದ ಜಗಳ ಇದಕ್ಕಿಂತ ಹಳೆಯದು. ಬೀಜದ ಬೆಲೆ ನಿಲ್ಲುವುದು ಔಟ್‌ಟರ್ನ್ ಮೇಲೆ, ಅಂದರೆ 80 ಕಿಲೊದ ಒಂದು ಚೀಲದಿಂದ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಎನ್ನುವ ಲೆಕ್ಕದ ಮೇಲೆ. ಬೇರೆ ಬೇರೆ ಚೀಲಗಳಿಂದ ತೆಗೆದ ಬೀಜವನ್ನು ಬೆರೆಸಿ, ನಾಲ್ಕು ಪಾಲು ಮಾಡುತ್ತಾ ಹೋಗಿ 1 ಕಿಲೊಗೆ ಇಳಿಸುತ್ತೇವೆ. ಎಣಿಸಿದರೆ ನಟ್ ಕೌಂಟ್ ಸಿಗುತ್ತದೆ. 180ರಿಂದ 200 ಬಂದರೆ ಚೆನ್ನ. ಆಮೇಲೆ ಒಂದೊಂದನ್ನೂ ಸೀಳಿ ಒಳ್ಳೆಯದು, ಚುಕ್ಕೆ ಬಿದ್ದದ್ದು ಅಥವಾ ಬಲಿಯದ್ದು, ಕೊಳೆತದ್ದು ಅಥವಾ ಪೊಳ್ಳು ಎಂದು ವಿಂಗಡಿಸಬೇಕು. ಕೆಂಪು ಸಿಪ್ಪೆ ಸಹಿತ ಒಳ್ಳೆಯ ತಿರುಳಿನ ತೂಕಕ್ಕೆ ಚುಕ್ಕೆಯದರ ಅರ್ಧ ತೂಕ ಕೂಡಿಸಿ 0.1764ರಿಂದ ಗುಣಿಸಿದರೆ ಔಟ್‌ಟರ್ನ್. ಒಳ್ಳೆಯದು 255 ಗ್ರಾಂ, ಚುಕ್ಕೆಯದು 30 ಗ್ರಾಂ ಇದ್ದರೆ ಲೆಕ್ಕಕ್ಕೆ 270 ಗ್ರಾಂ, ಅಂದರೆ 47.6 ಪೌಂಡ್. ಒಂದು ಪೌಂಡ್ ಕಡಿಮೆಯಾದರೆ ಟನ್ನಿಗೆ 5.67 ಕಿಲೊ ತಿರುಳು ಹೋಯಿತು, 16 ಟನ್ನಿಗೆ ಸುಮಾರು 91 ಕಿಲೊ. ಸುಂಕದ ರಿಯಾಯಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಬೀಜ ತುಂಬುವಾಗ ಅಲ್ಲಿ 48 ಬಂದದ್ದು ಇಲ್ಲಿ 45 ಆಗಲು ಎರಡು ಕಾರಣ: ಮಾದರಿ ತೆಗೆದವನ ಕೈ ಮತ್ತು ದಾರಿಯ ತೇವ. ತೇವಾಂಶ ಶೇ. 10 ಮೀರಿದ ಬೀಜ ಕಂಟೇನರಿನೊಳಗೆ ಬೆವರುತ್ತದೆ, ಛಾವಣಿಯಿಂದ ನೀರು ತೊಟ್ಟಿಕ್ಕಿ ಮೇಲಿನ ಸಾಲಿನ ಚೀಲಗಳಿಗೆ ಬೂಷ್ಟು ಹಿಡಿಯುತ್ತದೆ. ಒಳಗೋಡೆಗೆ ಕ್ರಾಫ್ಟ್ ಪೇಪರ್ ಹೊದಿಸುವುದನ್ನೂ ಕ್ಯಾಲ್ಸಿಯಂ ಕ್ಲೋರೈಡಿನ ತೇವ ಹೀರುವ ಚೀಲಗಳನ್ನು ತೂಗಿಬಿಡುವುದನ್ನೂ ಒಪ್ಪಂದದಲ್ಲೇ ಬರೆಸಿ. ಪಶ್ಚಿಮ ಆಫ್ರಿಕದ ಬೆಳೆ ಫೆಬ್ರುವರಿಯಿಂದ ಜೂನ್. ಹಡಗು ಬದಲಿಸಿ ಬರಲು ಒಂದೂವರೆ, ಎರಡು ತಿಂಗಳು. ಅಂದರೆ ಏಪ್ರಿಲ್ ಕೊನೆಯಲ್ಲಿ ತುಂಬಿದ ಬೀಜ ಪಣಂಬೂರಿನಲ್ಲಿ ಇಳಿಯುವುದು ನಮ್ಮ ಮಳೆಗಾಲದ ನಟ್ಟನಡುವೆ. ಅಂಗಳದಲ್ಲಿ ಒಣಗಿಸಿ ಶೇ. 8ರ ಸುತ್ತಮುತ್ತ ತಂದ ಬೀಜ ಮಾತ್ರ ವರ್ಷವಿಡೀ ಗೋದಾಮಿನಲ್ಲಿ ಬಾಳುತ್ತದೆ, ಜುಲೈಯಲ್ಲಿ ಅಂಗಳವೆಲ್ಲಿ? ಹಾಗಾಗಿ ಮಾರ್ಚ್ ಮುಗಿಯುವುದರೊಳಗೆ ಹಡಗು ಹತ್ತದ ಬೀಜಕ್ಕೆ ಕಡಿಮೆ ಬೆಲೆ ಕೂಗುವುದು ನಮ್ಮ ಕ್ರಮ. ಅಲ್ಲಿಯ ಸರ್ಕಾರ ಸೀಸನ್ ಘೋಷಿಸಲು ಎರಡು ವಾರ ತಡಮಾಡಿದರೂ ಇಲ್ಲಿ ಒಂದು ಮಳೆಗಾಲದ ನಷ್ಟ.

ಇಲ್ಲಿ ನಮ್ಮ ಸರ್ಕಾರ ಕಡಿಮೆ ಖರ್ಚಿನಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ, ವಿದೇಶಿಯರಿಗೆಂದು 1964ರಿಂದ ನಡೆದುಬಂದ ಭಾರತ ಸರ್ಕಾರದ ಐಟೆಕ್ ತರಬೇತಿ ಯೋಜನೆಯೂ ಇದೆ. ಆ ದೇಶಗಳ ಗೋದಾಮಿನ ಗ್ರೇಡರುಗಳನ್ನು ಪುತ್ತೂರಿಗೆ ಕರೆಸಿ, ಮಾದರಿ ತೆಗೆದು ಸೀಳುವ ಒಂದೇ ಪದ್ಧತಿ ಕಲಿಸಿ, ಅವರ ಪತ್ರವನ್ನು ಎರಡೂ ಕಡೆ ಮಾನ್ಯ ಮಾಡಿದರೆ ಅರ್ಧ ಜಗಳ ತೀರುತ್ತದೆ.

ಹಣದ ವಿಷಯ ಚಿಕ್ಕದಾಗಿ. ಮುಂಗಡ 2,00,000 ಡಾಲರ್ ದಾಟಿದರೆ ಸಾಮಾನ್ಯವಾಗಿ ವಿದೇಶಿ ಬ್ಯಾಂಕಿನ ಗ್ಯಾರಂಟಿ ಬೇಕು, ಚಿಕ್ಕ ಮಾರಾಟಗಾರ ಅದನ್ನು ತರಲಾರ. ಆದ್ದರಿಂದ ಎಲ್‌ಸಿಯೇ ವಾಸಿ. ಎಲ್‌ಸಿಯಲ್ಲಿ ಪ್ರಮಾಣವನ್ನು ಟನ್ನಿನಲ್ಲಿ ಬರೆಸಿ, ಚೀಲದ ಸಂಖ್ಯೆ ಹಾಕಿಸಬೇಡಿ. ಸಂಖ್ಯೆ ಹಾಕಿದರೆ ಯುಸಿಪಿ 600 (ಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮಾವಳಿ) ಕೊಡುವ ಶೇ. 5ರ ಏರಿಳಿತದ ಅವಕಾಶ ಹೋಗುತ್ತದೆ, ಹತ್ತು ಚೀಲ ಕಡಿಮೆಯಾದರೂ ಬ್ಯಾಂಕು ದಾಖಲೆ ತಿರಸ್ಕರಿಸಬಹುದು. 2022ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ತೆರೆದ ರೂಪಾಯಿ ವೋಸ್ಟ್ರೊ ಖಾತೆಯ (ವಿದೇಶಿ ಬ್ಯಾಂಕು ಭಾರತದ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ) ದಾರಿಯಲ್ಲಿ ಟಾಂಜಾನಿಯಾವೂ ಇದೆ. ಆದರೆ ಬೀಜ ಮಾರಿದವನಿಗೆ ಆ ರೂಪಾಯಿಯಿಂದ ಕೊಳ್ಳಲು ಏನಾದರೂ ಇರಬೇಕಲ್ಲ. ಔಷಧಿ, ಯಂತ್ರ, ಟ್ರ್ಯಾಕ್ಟರ್ ಆಮದು ಮಾಡುವ ಅಲ್ಲಿಯ ವ್ಯಾಪಾರಿಯನ್ನೂ ಬೀಜದ ವ್ಯಾಪಾರಿಯನ್ನೂ ಒಂದೇ ಬ್ಯಾಂಕಿನಲ್ಲಿ ಜೋಡಿಸುವ ಕೆಲಸ ಆಗುವವರೆಗೆ ಎಲ್ಲರೂ ಡಾಲರನ್ನೇ ಕೇಳುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಡುವುದು ಸೀಸನ್ ಮಧ್ಯದಲ್ಲಿ ಬದಲಾಗುವ ನೀತಿ. 2018ರಲ್ಲಿ ಟಾಂಜಾನಿಯಾದ ರೈತರು ಬೆಲೆ ಕಡಿಮೆಯೆಂದು ಮಾರಲು ಒಪ್ಪದಿದ್ದಾಗ ಅಧ್ಯಕ್ಷ ಮಗುಫುಲಿ ಇಡೀ ಬೆಳೆಯನ್ನು ಸರ್ಕಾರವೇ ಕೊಳ್ಳುತ್ತದೆಂದು ಸೈನ್ಯವನ್ನು ಇಳಿಸಿದರು. ಬೆನಿನ್ 2024ರ ಏಪ್ರಿಲ್‌ನಿಂದ ಇಡೀ ಬೀಜದ ರಫ್ತನ್ನೇ ನಿಲ್ಲಿಸಿತು. ಆದರೆ ಬೆನಿನ್ ಅದನ್ನು 2022ರಲ್ಲೇ ಹೇಳಿತ್ತು, ಬೇರೆ ಕಡೆ ನೋಡಿಕೊಳ್ಳಲು ನಮಗೆ ಸಮಯ ಸಿಕ್ಕಿತು. ತಮ್ಮ ಬೀಜ ತಮ್ಮಲ್ಲೇ ಒಡೆಯಬೇಕೆನ್ನುವುದು ಅವರ ಹಕ್ಕು. ತೊಂಬತ್ತರ ದಶಕದಲ್ಲಿ ವಿಶ್ವಬ್ಯಾಂಕಿನ ಒತ್ತಡಕ್ಕೆ ಮೊಜಾಂಬಿಕ್ ರಫ್ತು ತೆರಿಗೆ ಇಳಿಸಿದಾಗ ಬೀಜ ಭಾರತಕ್ಕೆ ಹರಿದು ಅಲ್ಲಿಯ ಫ್ಯಾಕ್ಟರಿಗಳು ಮುಚ್ಚಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಅದನ್ನು ಅವರು ಮರೆತಿಲ್ಲ. ನಾವು ಕೇಳಬಹುದಾದ್ದು ಒಂದೇ: ಬದಲಾವಣೆಗೆ ಒಂದು ಪೂರ್ತಿ ಸೀಸನ್ನಿನ ಮುನ್ಸೂಚನೆ.

ಬೀಜ ಇಲ್ಲಿಗೆ ಬರದಿದ್ದರೆ ಬಂಡವಾಳ ಅಲ್ಲಿಗೆ ಹೋಗಬೇಕು. ಅಲ್ಲಿ ನಮ್ಮ ನೀತಿಯೇ ಎಡವುತ್ತದೆ. 2019ರಲ್ಲಿ ತಿರುಳಿನ ಆಮದು ಸುಂಕವನ್ನು ಶೇ. 45ರಿಂದ 70ಕ್ಕೆ ಏರಿಸಲಾಯಿತು. ಮಂಗಳೂರಿನವನು ಐವರಿ ಕೋಸ್ಟಿನಲ್ಲಿ ಫ್ಯಾಕ್ಟರಿ ಹಾಕಿದರೆ ತನ್ನ ತಿರುಳನ್ನು ತನ್ನ ಊರಿಗೇ ತರಲಾರ. ಅಗ್ಗದ ತಿರುಳು ನುಗ್ಗಿದರೆ ಇಲ್ಲಿ ಬೀಜ ಸುಲಿಯುವ ಹೆಂಗಸರ ಕೆಲಸ ಹೋಗುತ್ತದೆನ್ನುವ ಭಯ ಸುಳ್ಳಲ್ಲ. ಆದ್ದರಿಂದ ಕೆಂಪು ಸಿಪ್ಪೆ ತೆಗೆಯದ ತಿರುಳಿಗೆ ಮಾತ್ರ ಕಡಿಮೆ ಸುಂಕದ ವಾರ್ಷಿಕ ಕೋಟಾ ಕೊಡಬೇಕೆನ್ನುವುದು ನನ್ನ ಅಭಿಪ್ರಾಯ. ಬೇಯಿಸಿ ಒಡೆಯುವ ಕೆಲಸ ಅಲ್ಲಿ ನಡೆಯಲಿ, ಸಿಪ್ಪೆ ತೆಗೆದು ಡಬ್ಲ್ಯು 240, ಡಬ್ಲ್ಯು 320 ಎಂದು ಗಾತ್ರದ ಪ್ರಕಾರ ವಿಂಗಡಿಸಿ ಡಬ್ಬಕ್ಕೆ ತುಂಬುವುದು ಇಲ್ಲಿ. ನಮ್ಮ ಗೇರು ಉದ್ಯಮಿಗಳ ಸಂಘದಲ್ಲಿ ಇದಕ್ಕೆ ವಿರೋಧವೂ ಇದೆ.

ಹಾಗೆ ಹೋಗುವವರು 2022ರ ಆಗಸ್ಟ್ 22ರ ವಿದೇಶಿ ಹೂಡಿಕೆ ನಿಯಮಗಳನ್ನು ಮೊದಲು ಓದಬೇಕು. ನಿವ್ವಳ ಆಸ್ತಿಯ ಶೇ. 400ರವರೆಗೆ ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಬೇಡ. ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ ಸಲ್ಲಿಸಿ ಯುಐಎನ್ (ಹೂಡಿಕೆಯ ಗುರುತಿನ ಸಂಖ್ಯೆ) ಪಡೆದ ಮೇಲೆ ಹಣ ಕಳಿಸಬೇಕು. ವಾರ್ಷಿಕ ವರದಿ ಡಿಸೆಂಬರ್ 31ರೊಳಗೆ, ತಪ್ಪಿದರೆ ಮುಂದಿನ ಕಂತು ಕಳಿಸುವಾಗ ಬ್ಯಾಂಕು ತಡೆಯುತ್ತದೆ. ಆ ದೇಶದೊಂದಿಗೆ ಹೂಡಿಕೆ ರಕ್ಷಣೆಯ ಒಪ್ಪಂದ ಜಾರಿಯಲ್ಲಿದೆಯೇ ಎಂದೂ ನೋಡಿ. ಹಳೆಯ ಹಲವು ಒಪ್ಪಂದಗಳನ್ನು ಭಾರತವೇ ಕೊನೆಗೊಳಿಸಿದೆ. 2015ರ ಮಾದರಿ ಕರಡಿನ ಪ್ರಕಾರ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗುವ ಮೊದಲು ಸ್ಥಳೀಯ ಪರಿಹಾರಗಳಿಗಾಗಿ 5 ವರ್ಷ ಪ್ರಯತ್ನಿಸಿರಬೇಕು, ಸಣ್ಣ ಹೂಡಿಕೆದಾರನಿಗೆ ಅಷ್ಟು ತಾಳಿಕೆ ಇರುವುದಿಲ್ಲ. ಒಪ್ಪಂದವಿಲ್ಲದ ದೇಶವಾದರೆ ಕೇಂದ್ರ ಸರ್ಕಾರದ ಇಸಿಜಿಸಿ ಕಂಪನಿಯ ವಿದೇಶಿ ಹೂಡಿಕೆ ವಿಮೆ ಅಥವಾ ವಿಶ್ವಬ್ಯಾಂಕ್ ಗುಂಪಿನ ಮಿಗಾ ಗ್ಯಾರಂಟಿಗೆ ಹಣ ಕಳಿಸುವ ಮೊದಲೇ ಅರ್ಜಿ ಹಾಕಬೇಕು, ಯಂತ್ರ ಅಲ್ಲಿ ಇಳಿದ ಮೇಲೆ ಹಾಕಿದರೆ ತಡವಾಗುತ್ತದೆ.