ನಮ್ಮದೊಂದೂ ಗೋಲು ನೋಡದ ಹನ್ನೆರಡು ದಿನ

ಭಾರತ ಫುಟ್‌ಬಾಲ್ ತಂಡದ ಆಟ ನೋಡಿ ಕತಾರ್‌ನ ದೋಹಾದಿಂದ ವಾಪಸ್ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ‘ಎಷ್ಟು ಗೋಲು ಹೊಡೆದರು?’ ಸೊನ್ನೆ. ಮೂರು ಪಂದ್ಯ, ಮೂರೂ ಸೋಲು, ಹೊಡೆಸಿಕೊಂಡದ್ದು ಆರು. ಇದನ್ನು ನೋಡಲು ನಾನು ಹನ್ನೆರಡು ದಿನ ರಜೆ ಹಾಕಿ, ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿನೇ ಖರ್ಚು ಮಾಡಿದೆ. ಹೆಂಡತಿ ಈಗಲೂ ಇದನ್ನು ‘ಆ ಸೊನ್ನೆ ಟ್ರಿಪ್’ ಅಂತಲೇ ಕರೆಯುವುದು.

ಅದು 2023ರ ಏಷ್ಯನ್ ಕಪ್, ಏಷ್ಯಾದ ದೇಶಗಳ ಫುಟ್‌ಬಾಲ್ ಟೂರ್ನಿ. ನಡೆದದ್ದು ಮಾತ್ರ 2024ರ ಜನವರಿಯಲ್ಲಿ. ಮೊದಲು ಚೀನಾದಲ್ಲಿ ಅಂತ ಇತ್ತು, ಕೋವಿಡ್ ಕಾರಣಕ್ಕೆ ಅವರು ಕೈಬಿಟ್ಟರು, 2022ರ ಅಕ್ಟೋಬರ್‌ನಲ್ಲಿ ಕತಾರ್‌ಗೆ ಬಂತು. ಚೀನಾ ಆಗಿದ್ದರೆ ನಾನು ಹೋಗುತ್ತಿರಲಿಲ್ಲ, ಖಂಡಿತ. ದೋಹಾ ಅಂದರೆ ಬೆಂಗಳೂರಿಂದ ನಾಲ್ಕೂವರೆ ಗಂಟೆಯ ವಿಮಾನ. ಆ ಸುದ್ದಿ ಬಂದ ಮುಂದಿನ ತಿಂಗಳೇ ತಿಂಗಳಿಗೆ ಐದು ಸಾವಿರದಂತೆ ಒಂದು ಆರ್‌ಡಿ ಶುರು ಮಾಡಿದೆ. ಮನೆಯಲ್ಲಿ ಯಾವುದಕ್ಕೆ ಅಂತ ಹೇಳಿರಲಿಲ್ಲ.

ಕಂಠೀರವದಲ್ಲಿ ಬಿಎಫ್‌ಸಿ (ಬೆಂಗಳೂರು ಫುಟ್‌ಬಾಲ್ ಕ್ಲಬ್) ಆಟ ನೋಡುತ್ತಾ ಅಭಿಮಾನಿಗಳ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಗಂಟಲು ಹರಿದುಕೊಳ್ಳುವವರಲ್ಲಿ ನಾನೂ ಒಬ್ಬ. 2023ರ ಜುಲೈ 4ರಂದು ಅದೇ ಮೈದಾನದಲ್ಲಿ ಭಾರತದ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್ ಟೂರ್ನಿ) ಫೈನಲ್, ಕುವೈತ್ ಮೇಲೆ. 1-1 ಆಗಿ ಪೆನಾಲ್ಟಿಗೆ ಹೋಯಿತು, ಕೊನೆಯ ಒದೆತವನ್ನು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಹಾರಿ ತಡೆದ. ಆ ರಾತ್ರಿ ಕಸ್ತೂರಬಾ ರಸ್ತೆಯಲ್ಲಿ ನಡೆಯುತ್ತಾ ಗೆಳೆಯನಿಗೆ ಹೇಳಿದೆ, ‘ಮಗಾ, ದೋಹಾಗೆ ಹೋಗೋದೇ.’ ಅವನೂ ಹ್ಞೂಂ ಅಂದ. ಗೆದ್ದ ರಾತ್ರಿ ಯಾರು ಬೇಕಾದರೂ ಹ್ಞೂಂ ಅನ್ನುತ್ತಾರೆ, ಅದು ಬೇರೆ ಮಾತು.

ತಯಾರಿ ಸಲೀಸು. ನಮಗೆ ಕತಾರ್‌ನಲ್ಲಿ ಇಳಿದ ಮೇಲೆ ವೀಸಾ ಕೊಡುತ್ತಾರೆ, ದುಡ್ಡಿಲ್ಲ. ಆರು ತಿಂಗಳಾದರೂ ಬಾಕಿ ಇರುವ ಪಾಸ್‌ಪೋರ್ಟ್, ವಾಪಸ್ ಟಿಕೆಟ್, ಜೊತೆಗೆ ಡಿಸ್ಕವರ್ ಕತಾರ್ ವೆಬ್‌ಸೈಟ್ ಮೂಲಕವೇ ಮಾಡಿದ ಹೋಟೆಲ್ ಬುಕಿಂಗ್ ಬೇಕು. ನನ್ನ ಗೆಳೆಯ ಬೇರೊಂದು ಆ್ಯಪ್‌ನಲ್ಲಿ ಅಗ್ಗಕ್ಕೆ ರೂಮ್ ಹಿಡಿದು ಬೀಗುತ್ತಿದ್ದ, ಆಮೇಲೆ ಅದನ್ನು ಕ್ಯಾನ್ಸಲ್ ಮಾಡಿ ಅರ್ಧ ದುಡ್ಡು ಕಳೆದುಕೊಂಡ. ಪಂದ್ಯದ ಟಿಕೆಟ್ ಮಾತ್ರ ನಂಬಲಾರದಷ್ಟು ಕಡಿಮೆ. 25 ರಿಯಾಲ್‌ನಿಂದ ಶುರು, ಅಂದರೆ ಆಗಿನ ಲೆಕ್ಕಕ್ಕೆ ಆರುನೂರು ರೂಪಾಯಿಯೂ ಇಲ್ಲ. ಟಿಕೆಟ್ ದುಡ್ಡನ್ನು ಪ್ಯಾಲೆಸ್ತೀನ್ ಪರಿಹಾರಕ್ಕೆ ಕೊಡುತ್ತೇವೆ ಅಂತ ಆಯೋಜಕರು ಹೇಳಿದ್ದರು. ಟಿಕೆಟ್ ಇರುವುದು ಮೊಬೈಲ್‌ನಲ್ಲಿ, ಹಾಗಾಗಿ ಫೋನ್ ಸತ್ತರೆ ನೀವೂ ಹೊರಗೇ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ, ಮುಂದೆ ಬರುತ್ತದೆ.

ಸಾಮಾನು ಕಟ್ಟುವಾಗ ಸಣ್ಣ ಜಗಳವೇ ಆಯಿತು. ಜನವರಿ 15ಕ್ಕೆ ಸಂಕ್ರಾಂತಿ, ನಾನು 12ರ ರಾತ್ರಿಯೇ ಹೊರಟಿದ್ದೆ. ಅಮ್ಮ ಎಳ್ಳುಬೆಲ್ಲದ ಡಬ್ಬಿ ತುಂಬಿ ಕೊಟ್ಟರು, ಜೊತೆಗೆ ‘ಗಸಗಸೆ ಸ್ವಲ್ಪ ಕಟ್ಟಿಕೊಡ್ತೀನಿ ಕಣೋ, ಪಾಯಸ ಮಾಡ್ಕೊಳ್ಳಿ’ ಅಂತ. ಹೋಟೆಲ್ ರೂಮಲ್ಲಿ ಯಾರು ಪಾಯಸ ಮಾಡುತ್ತಾರೆ, ಅದು ಹಾಗಿರಲಿ. ಗಲ್ಫ್ ಕಡೆ ಗಸಗಸೆ ಒಯ್ಯುವ ಹಾಗೇ ಇಲ್ಲ, ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಕೆಲವು ಕೆಮ್ಮಿನ ಸಿರಪ್‌ಗಳ ಕಥೆಯೂ ಅಷ್ಟೇ. ಅಮ್ಮನಿಗೆ ಇದನ್ನು ನಂಬಿಸಲು ಅರ್ಧ ಗಂಟೆ ಬೇಕಾಯಿತು.

13ರ ಶನಿವಾರ ಆಸ್ಟ್ರೇಲಿಯಾ. ಅಲ್ ರಯ್ಯಾನ್‌ನ ಅಹ್ಮದ್ ಬಿನ್ ಅಲಿ ಸ್ಟೇಡಿಯಂ, ಮಧ್ಯಾಹ್ನ ಎರಡೂವರೆಗೆ ಆಟ. ನಾವು ಉಳಿದದ್ದು ನಜ್ಮಾ ಕಡೆ. ಅಲ್ಲಿಂದ ಮೆಟ್ರೋದಲ್ಲಿ ಮುಶೈರಿಬ್‌ಗೆ ಹೋಗಿ ಗ್ರೀನ್ ಲೈನ್ ಹಿಡಿದರೆ ಕೊನೆಯ ನಿಲ್ದಾಣ ಅಲ್ ರಿಫಾ. ಇಳಿದರೆ ಸ್ಟೇಡಿಯಂ ಎದುರಿಗೇ. ಒಂದು ಪ್ರಯಾಣಕ್ಕೆ ಎರಡು ರಿಯಾಲ್, ಇಡೀ ದಿನಕ್ಕೆ ಆರು. ಟ್ಯಾಕ್ಸಿ ಯೋಚನೆಯೇ ಬೇಡ.

ನಾನು ಅಂದುಕೊಂಡಿದ್ದು ಏನು ಗೊತ್ತಾ? ನಾವು ಇಷ್ಟು ದೂರದಿಂದ ಬಂದ ಶೂರರು, ಹತ್ತಿಪ್ಪತ್ತು ಸಾಲಿನಲ್ಲಿ ನೀಲಿ ಅಂಗಿ ಹಾಕಿಕೊಂಡು ನಾವೇ ಗದ್ದಲ ಮಾಡಬೇಕು ಅಂತ. ಮುಶೈರಿಬ್‌ನಲ್ಲಿ ರೈಲು ಬದಲಿಸುವಾಗಲೇ ಆ ಸೊಕ್ಕು ಇಳಿಯಿತು. ಇಡೀ ಪ್ಲಾಟ್‌ಫಾರ್ಮ್ ನೀಲಿ. ಮಲಯಾಳ, ಅದರ ಮಧ್ಯೆ ತಮಿಳು, ಬಂಗಾಳಿ, ಹಿಂದಿ. ಯಾರೂ ವಿಮಾನದಲ್ಲಿ ಬಂದವರಲ್ಲ. ಕತಾರ್‌ನಲ್ಲಿ ಏಳು ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ನಾನು ಅವರ ಊರಿಗೆ ಬಂದ ನೆಂಟ, ಅಷ್ಟೇ.

ಆ ರೈಲಿನಲ್ಲೇ ಮಂಗಳೂರು ಕಡೆಯವರೊಬ್ಬರು ಸಿಕ್ಕರು. ನಮ್ಮಿಬ್ಬರ ಕನ್ನಡ ಕೇಳಿ ತಿರುಗಿದರು. ‘ನೀವು ಬೆಂಗಳೂರಿಂದ ಬರೀ ಮ್ಯಾಚಿಗೆ ಅಂತ ಬಂದದ್ದಾ ಮಾರಾಯ್ರೆ?’ ಹೌದು ಅಂದೆ. ಪಕ್ಕದಲ್ಲಿದ್ದ ಗೆಳೆಯನ ಬೆನ್ನಿಗೆ ಒಂದು ಹೊಡೆದು, ‘ನೋಡಾ, ನಮಗಿಂತ ಹುಚ್ಚರುಂಟು’ ಅಂದರು. ಅವರು ಹದಿನಾರು ವರ್ಷದಿಂದ ದೋಹಾದಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದಾರಂತೆ. 2011ರಲ್ಲೂ ಏಷ್ಯನ್ ಕಪ್ ಇದೇ ದೋಹಾದಲ್ಲಿ ನಡೆದಾಗ ನೋಡಿದ್ದರು. ಆಗಲೂ ಆಸ್ಟ್ರೇಲಿಯಾ ಎದುರು 0-4, ಬಹರೇನ್ ಎದುರು 2-5, ದಕ್ಷಿಣ ಕೊರಿಯಾ ಎದುರು 1-4. ‘ಆಗ ಮೂರು ಗೋಲಾದರೂ ಹಾಕಿದ್ದರು’ ಅಂತ ಅವರು ಹೇಳಿದ್ದು ಹತ್ತು ದಿನ ಆದಮೇಲೆ. ಮೊದಲ ದಿನ ಎಲ್ಲರಿಗೂ ಆಸೆ ಇತ್ತು.

ಪ್ರೇಕ್ಷಕರು 35 ಸಾವಿರಕ್ಕೂ ಹೆಚ್ಚು, ಬಹುಪಾಲು ನಮ್ಮವರೇ. ಹದಿನಾರನೇ ನಿಮಿಷಕ್ಕೆ ನಮ್ಮ ನಾಯಕ ಛೇತ್ರಿಗೆ ತಲೆ ಕೊಡಲು ಒಳ್ಳೆ ಚೆಂಡು ಬಂತು, ಹೊರಗೆ ಹೋಯಿತು. ಆ ಒಂದು ಕ್ಷಣ ನನ್ನ ಮುಂದಿದ್ದ ಅಜ್ಜ ಕುರ್ಚಿ ಮೇಲೆ ಹತ್ತಿ ನಿಂತಿದ್ದರು. ಅರ್ಧ ಸಮಯಕ್ಕೆ 0-0. ರ‍್ಯಾಂಕಿಂಗ್‌ನಲ್ಲಿ ನಾವು 102, ಅವರು 25, ಅದು ನೆನಪಿಗೇ ಬರಲಿಲ್ಲ. ಐವತ್ತನೇ ನಿಮಿಷಕ್ಕೆ ಗುರ್‌ಪ್ರೀತ್ ತಳ್ಳಿದ ಚೆಂಡು ನೇರ ಆಸ್ಟ್ರೇಲಿಯಾದ ಇರ್ವಿನ್ ಕಾಲಿಗೇ ಹೋಯಿತು, ಗೋಲು. ಆಮೇಲೆ 73ಕ್ಕೆ ಇನ್ನೊಂದು. ಅಂದಹಾಗೆ ಆ ಪಂದ್ಯದ ರೆಫರಿ ಜಪಾನಿನ ಯೋಶಿಮಿ ಯಮಶಿತಾ, ಪುರುಷರ ಏಷ್ಯನ್ ಕಪ್ ಪಂದ್ಯ ನಡೆಸಿದ ಮೊದಲ ಮಹಿಳೆ. ಪಕ್ಕದವನೊಬ್ಬ ಮೊದಲು ಏನೋ ಗೊಣಗಿದ, ಹತ್ತು ನಿಮಿಷದಲ್ಲಿ ಸುಮ್ಮನಾದ.

ಕೂಗುವ ವಿಷಯದಲ್ಲಿ ಒಂದು ಪಾಠ. ಕಂಠೀರವದಲ್ಲಿ ನಾವು ಕಲಿತ ಉದ್ದುದ್ದ ಹಾಡುಗಳು ಅಲ್ಲಿ ಯಾರಿಗೂ ಬರಲ್ಲ. ನಾನೂ ಗೆಳೆಯನೂ ಒಂದು ಶುರು ಮಾಡಿದೆವು, ನಾಲ್ಕು ಜನ ತಿರುಗಿ ನೋಡಿದರು, ಮುಗಿಯಿತು. ಕೆಲಸಕ್ಕೆ ಬರುವುದು ‘ಇಂಡಿಯಾ, ಇಂಡಿಯಾ’ ಮತ್ತು ಚಪ್ಪಾಳೆ. ಭಾರತ ತಂಡದ ಅಭಿಮಾನಿ ಬಳಗ ಬ್ಲೂ ಪಿಲ್‌ಗ್ರಿಮ್ಸ್‌ನವರು ಇರುವ ಕಡೆ ಟಿಕೆಟ್ ಸಿಕ್ಕಿದರೆ ತಗೊಳ್ಳಿ, ಆಟ ಪೂರ್ತಿ ನಿಂತೇ ಇರಬಹುದು. ಬಾವುಟ ಒಯ್ಯಿರಿ, ಅದರ ಕೋಲು ಬೇಡ. ನನ್ನ ಕೋಲು ಗೇಟಿನ ಪಕ್ಕದ ಡಬ್ಬಿಯಲ್ಲಿ ಸುಮಾರು ಇನ್ನೂರು ಕೋಲುಗಳ ಜೊತೆ ಸೇರಿಕೊಂಡಿತು.

ಸಂಕ್ರಾಂತಿ ದಿನ ಮಂಗಳೂರಿನವರ ರೂಮಿಗೆ ಎಳ್ಳುಬೆಲ್ಲ ಒಯ್ದೆವು. ಆರು ಜನ ಇರುವ ಕೋಣೆ. ಅವರಲ್ಲಿ ನಾಲ್ವರಿಗೆ ಎಳ್ಳುಬೆಲ್ಲ ಅಂದರೇನು ಅಂತ ವಿವರಿಸಬೇಕಾಯಿತು, ಡಬ್ಬಿ ಖಾಲಿಯಾಗಲು ಮಾತ್ರ ಹೊತ್ತು ಹಿಡಿಯಲಿಲ್ಲ. ಬದಲಿಗೆ ಕೋರಿ ರೊಟ್ಟಿ ಸಿಕ್ಕಿತು. ಇಡೀ ಟ್ರಿಪ್‌ನಲ್ಲಿ ನನಗೆ ಸಿಕ್ಕ ಒಂದೇ ಗೆಲುವು ಅದು ಅಂತ ಗೆಳೆಯ ಹೇಳುತ್ತಿರುತ್ತಾನೆ.

18ಕ್ಕೆ ಉಜ್ಬೇಕಿಸ್ತಾನ, ಅದೇ ಸ್ಟೇಡಿಯಂ, ಸಂಜೆ ಐದೂವರೆ. ಆ ದಿನವೇ ನನ್ನ ಫೋನ್ ಕೈಕೊಟ್ಟದ್ದು. ಬೆಳಿಗ್ಗೆಯಿಂದ ಸೂಕ್ ವಾಕಿಫ್ ಮಾರುಕಟ್ಟೆಯಲ್ಲಿ ಸುತ್ತಿ, ವಿಡಿಯೋ ಮಾಡಿ, ಕರಕ್ ಚಾಯ್ ಫೋಟೋ ತೆಗೆದು, ಗೇಟಿಗೆ ಬರುವಾಗ ಬ್ಯಾಟರಿ ಎರಡು ಪರ್ಸೆಂಟ್. ಟಿಕೆಟ್ ಆ್ಯಪ್ ತೆರೆಯುವಷ್ಟರಲ್ಲಿ ಆಫ್. ಸಾಲಿನಿಂದ ಹೊರಬಂದು ಯಾರದೋ ಪವರ್‌ಬ್ಯಾಂಕ್ ಕೇಳಿ ಒಳಗೆ ಹೋಗುವಾಗ ಒಂದು ಗೋಲು ಆಗಿಹೋಗಿತ್ತು. ನಾಲ್ಕನೇ ನಿಮಿಷದಲ್ಲೇ ಹೊಡೆದಿದ್ದರು. ಕೂತು ಉಸಿರು ಬಿಡುವಷ್ಟರಲ್ಲಿ ಇನ್ನೊಂದು. ಅರ್ಧ ಸಮಯಕ್ಕೆ 0-3. ಎರಡನೇ ಅರ್ಧದಲ್ಲಿ ಪರವಾಗಿಲ್ಲ ಅನ್ನುವ ಹಾಗೆ ಆಡಿದರು, ಸ್ಕೋರು ಹಾಗೇ ಉಳಿಯಿತು.

ನಮ್ಮ ವಾಪಸ್ ಟಿಕೆಟ್ ಇದ್ದದ್ದು 19ಕ್ಕೆ. ಗೆಳೆಯ ಹೊರಟ. ನಾನು ಹೊರಡಲಿಲ್ಲ. ಲೆಕ್ಕದ ಪ್ರಕಾರ ಅವಕಾಶ ಇನ್ನೂ ಇತ್ತು. ಆರು ಗುಂಪು, ಮೂರನೇ ಸ್ಥಾನದವರಲ್ಲೂ ನಾಲ್ವರು ಮುಂದೆ ಹೋಗಬಹುದು, ಸಿರಿಯಾವನ್ನು ಸೋಲಿಸಿದರೆ ಏನಾದರೂ ಆಗಬಹುದು. ಮ್ಯಾನೇಜರ್‌ಗೆ ಫೋನ್ ಮಾಡಿದೆ.

‘ಸರ್, ಇನ್ನೊಂದು ಮ್ಯಾಚ್ ಇದೆ, ಮಂಗಳವಾರ.’

‘ಗೆಲ್ತಾರೇನ್ರೀ?’

‘ಗೊತ್ತಿಲ್ಲ ಸರ್.’

ಸ್ವಲ್ಪ ಹೊತ್ತು ಸದ್ದಿಲ್ಲ. ‘ಲಾಸ್ ಆಫ್ ಪೇ ಹಾಕ್ತೀನಿ ನೋಡಿ’ ಅಂದರು. ಹಾಕಿಯೂ ಹಾಕಿದರು. ವಿಮಾನದ ದಿನ ಬದಲಿಸಲು ಎಂಟೂವರೆ ಸಾವಿರ, ಮೇಲೆ ಐದು ರಾತ್ರಿಯ ಹೋಟೆಲ್. ಆರ್‌ಡಿ ದುಡ್ಡು ಅಷ್ಟೊತ್ತಿಗೆ ಮುಗಿದಿತ್ತು, ಉಳಿದದ್ದು ಕ್ರೆಡಿಟ್ ಕಾರ್ಡ್. ನೀವು ಹೋಗುವುದಾದರೆ ಮೊದಲೇ ಗುಂಪಿನ ಮೂರೂ ಪಂದ್ಯ ಲೆಕ್ಕ ಹಿಡಿದು ಟಿಕೆಟ್ ಮಾಡಿಸಿ. ಎರಡು ನೋಡಿ ಬರುತ್ತೇನೆ ಅನ್ನುವುದೆಲ್ಲ ಮನೆಯಲ್ಲಿ ಕೂತು ಮಾಡುವ ಲೆಕ್ಕ.

23ರ ಪಂದ್ಯ ಅಲ್ ಖೋರ್‌ನ ಅಲ್ ಬೈತ್‌ನಲ್ಲಿ. ಅರಬರ ಡೇರೆಯ ಆಕಾರದ ಸ್ಟೇಡಿಯಂ, ದೋಹಾದಿಂದ ಸುಮಾರು 35 ಕಿಲೋಮೀಟರ್ ಉತ್ತರಕ್ಕೆ. ರೆಡ್ ಲೈನ್‌ನಲ್ಲಿ ಲುಸೈಲ್‌ವರೆಗೆ ಹೋಗಿ ಅಲ್ಲಿಂದ ಬಸ್. ಕೆಲಸದ ದಿನ, ಮಧ್ಯಾಹ್ನ ಎರಡೂವರೆ ಆಟ. ಎರಡು ಸೋತ ತಂಡ. ಯಾರು ಬರುತ್ತಾರೆ ಅಂತ ಯೋಚಿಸುತ್ತಾ ಬಸ್ ಹತ್ತಿದೆ, ನಿಲ್ಲಲು ಜಾಗ ಇಲ್ಲ. ಕಂಪನಿ ಸಮವಸ್ತ್ರದ ಮೇಲೆಯೇ ನೀಲಿ ಅಂಗಿ ಏರಿಸಿದವರು, ರಾತ್ರಿ ಪಾಳಿ ಮುಗಿಸಿ ನಿದ್ದೆ ಬಿಟ್ಟು ಬಂದವರು. ನಮ್ಮ ಮಂಗಳೂರಿನವರು ಬೇರೆಯವರ ಜೊತೆ ಶಿಫ್ಟ್ ಬದಲಿಸಿಕೊಂಡಿದ್ದರು, ಅದಕ್ಕೆ ಎರಡು ಶುಕ್ರವಾರದ ರಜೆ ಬಿಟ್ಟುಕೊಟ್ಟಿದ್ದರಂತೆ. ನನ್ನ ಲಾಸ್ ಆಫ್ ಪೇ ಕಥೆಯನ್ನು ನಾನು ಹೇಳಲೇ ಇಲ್ಲ.

ಆ ದಿನದ ಪ್ರೇಕ್ಷಕರು 42 ಸಾವಿರಕ್ಕೂ ಹೆಚ್ಚು. ಮೊದಲ ಪಂದ್ಯಕ್ಕೆ 35, ಎರಡನೆಯದಕ್ಕೆ 38, ಮೂರನೆಯದಕ್ಕೆ 42. ಸಿರಿಯಾದವರೂ ದೋಹಾದಲ್ಲಿ ಬಹಳ ಇದ್ದಾರೆ, ಅದು ಸರಿ. ಆದರೂ ಸೋತಷ್ಟೂ ಜನ ಜಾಸ್ತಿ ಆಗುವ ತಂಡ ಯಾವುದಿದೆ ಹೇಳಿ. 2018ರಲ್ಲಿ ಮುಂಬೈನಲ್ಲಿ ಚೈನೀಸ್ ತೈಪೆ ಜೊತೆ ಇದೇ ತಂಡ ಆಡಿದಾಗ ಬಂದಿದ್ದವರು 2,569 ಜನ. ಬೈಯಲಾದರೂ ಬನ್ನಿ, ಸ್ಟೇಡಿಯಂಗೆ ಬನ್ನಿ ಅಂತ ಛೇತ್ರಿ ವಿಡಿಯೋ ಮಾಡಿ ಬೇಡಿಕೊಂಡದ್ದು ಆಗಲೇ.

ಎರಡನೇ ಅರ್ಧದ ಶುರುವಿನಲ್ಲೇ ನಮ್ಮ ಡಿಫೆಂಡರ್ ಜಿಂಗನ್ ಕಾಲು ನೋವಿಂದ ಹೊರಗೆ ಬಂದ. 76ನೇ ನಿಮಿಷಕ್ಕೆ ಸಿರಿಯಾದ ಖ್ರಿಬಿನ್ ಹೊಡೆದ. 0-1. ನನ್ನ ಹಿಂದಿನ ಸಾಲಿನವರು ಮಲಯಾಳದಲ್ಲಿ ಬೈದದ್ದು ನನಗೆ ಪೂರ್ತಿ ಅರ್ಥವಾಯಿತು. ಆದರೂ ಯಾರೂ ಎದ್ದು ಹೋಗಲಿಲ್ಲ.

ಬಸ್ಸಿನ ಸಾಲಿನಲ್ಲಿ ಒಂದು ಗಂಟೆ ನಿಂತೆವು. ಅಲ್ಲೇ ಮಂಗಳೂರಿನವರು 2011ರ ಆ ಮೂರು ಗೋಲಿನ ಮಾತು ಹೇಳಿದ್ದು. ಎರಡು ಛೇತ್ರಿಯದು, ಒಂದು ಗೌರಮಾಂಗಿಯದು, ಬೆರಳು ಮಡಚಿ ಎಣಿಸಿದರು. ‘ಮುಂದಿನ ಸಲ ಸೌದಿಯಲ್ಲಂತೆ. ಇಲ್ಲಿಂದ ಗಡಿ ದಾಟಿದರೆ ಆಯಿತು. ನೀವು ಬರ್ತೀರಲ್ಲಾ?’ ಅಂದರು. ಬರ್ತೀನಿ ಅಂದೆ.

ಊರಿಗೆ ಬಂದು ಕಾರ್ಡ್ ಸಾಲ ತೀರಿದ ಮೇಲೆ ಮತ್ತೆ ಆರ್‌ಡಿ ಶುರು ಮಾಡಿದೆ, ಈ ಸಲ ಮನೆಯಲ್ಲಿ ಹೇಳಿಯೇ. 2025ರ ಅಕ್ಟೋಬರ್‌ನಲ್ಲಿ ಗೋವಾದ ಫಟೋರ್ಡಾದಲ್ಲಿ ಸಿಂಗಾಪುರ ನಮ್ಮನ್ನು 2-1ರಿಂದ ಸೋಲಿಸಿತು, 2027ರ ಏಷ್ಯನ್ ಕಪ್ ಬಾಗಿಲು ಮುಚ್ಚಿತು. ಅದೇ ರಾತ್ರಿ ಮಂಗಳೂರಿನವರಿಂದ ಒಂದು ವಾಯ್ಸ್ ಮೆಸೇಜ್ ಬಂತು, ಹನ್ನೊಂದು ಸೆಕೆಂಡು, ಬರೀ ಬೈಗುಳ. ಆರ್‌ಡಿ ದುಡ್ಡಿನಲ್ಲಿ ಮನೆಗೆ ವಾಷಿಂಗ್ ಮಷೀನ್ ಬಂದಿದೆ. ನೀಲಿ ಅಂಗಿಯನ್ನು ಮಾತ್ರ ಅದಕ್ಕೆ ಹಾಕಲು ಬಿಟ್ಟಿಲ್ಲ, ಬಣ್ಣ ಬಿಡುತ್ತದೆ.