ಯಾಣದ ಲೇಖನ ನಮ್ಮ ಹೋಂಸ್ಟೇಗೆ ಗಿರಾಕಿ ತಂದ ಕಥೆ

"ಲಿಂಕಿನಿಂದ ಯಾರೂ ಉಳಿಯೋಕೆ ಬರೋದಿಲ್ಲ, ಜಾಹೀರಾತು ಹಾಕು" ಎಂದು ಭಾವ ಎರಡು ವರ್ಷ ಹೇಳುತ್ತಲೇ ಇದ್ದರು. ಶಿರಸಿ ಹತ್ತಿರದ ನಮ್ಮ ಹೋಂಸ್ಟೇ ಸೈಟು ಆಗ ಗೂಗಲ್‌ನ ಐದನೇ ಪುಟದಲ್ಲೆಲ್ಲೋ ಇತ್ತು. ಈಗ ಮೊದಲ ಪುಟ, ಮೂರನೆಯದೋ ನಾಲ್ಕನೆಯದೋ ಸ್ಥಾನ.

ಮೊದಲು ಚೆನ್ನಾಗಿ ಕೈಸುಟ್ಟುಕೊಂಡೆ. ಏಳೆಂಟು ಸಾವಿರ ಕೊಟ್ಟು ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಬರುವ 200 ಲಿಂಕು ಕೊಂಡೆ, ಲಿಂಕು ಹೆಚ್ಚಾದರೆ ಗೂಗಲ್ ಮೇಲೆ ತೋರಿಸುತ್ತದೆ ಅಂತ. ಎಲ್ಲದಕ್ಕೂ ಒಂದೇ ಆಂಕರ್, ಅಂದರೆ ಕ್ಲಿಕ್ ಮಾಡುವ ಪದ, ‘ಶಿರಸಿ ಹೋಂಸ್ಟೇ’. ಮೂರು ವಾರ ಸೈಟು ಮೇಲೆ ಬಂತು, ಆಮೇಲೆ ಪತ್ತೆಯೇ ಇಲ್ಲ. ಆ ಲಿಂಕುಗಳಿದ್ದ ಪುಟ ತೆರೆದು ನೋಡಿದರೆ ಒಂದು ಕಡೆ ಕೂದಲು ಉದುರುವ ಸಮಸ್ಯೆಯ ಲೇಖನದ ಮಧ್ಯೆ ನಮ್ಮ ಮನೆ! ಇಂಥ ಲಿಂಕು ಹಿಡಿಯಲು ಗೂಗಲ್ 2012ರಲ್ಲಿ ತಂದ ಪೆಂಗ್ವಿನ್ ಅಪ್‌ಡೇಟ್ ಗೊತ್ತಿದ್ದೂ ಹೀಗೆ ಮಾಡಿದೆ. ‘ಈ ಲಿಂಕುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ’ ಅಂತ ಗೂಗಲ್‌ಗೆ ಕೊಡುವ ಡಿಸ್‌ಅವೋ ಫೈಲಿಗೆ ಎರಡು ರಾತ್ರಿ ಹೋಯಿತು.

ಮಳೆಗಾಲದಲ್ಲಿ ಗಿರಾಕಿ ಇರಲಿಲ್ಲ. ನಮ್ಮ ಸೈಟಿನ ಹಳೇ ಲೇಖನ ಹರಡಿಕೊಂಡು ಕೂತೆ, ಸುಮಾರು ನಲವತ್ತು. ಗೂಗಲ್‌ನಿಂದ ಯಾವ ಪುಟಕ್ಕೆ ಎಷ್ಟು ಜನ ಬಂದರೆಂದು ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ನೋಡಿದರೆ ಜನ ಬರುತ್ತಿದ್ದುದು ಯಾಣದ ಲೇಖನಕ್ಕೆ. ಅಲ್ಲಿಂದ ರೂಮಿನ ಪುಟಕ್ಕೆ ದಾರಿಯೇ ಇಲ್ಲ! ಕೊನೆಗೆ ‘ಇಲ್ಲಿ ಕ್ಲಿಕ್ ಮಾಡಿ’ ಅಂತ ಒಂದಿತ್ತು, ಅದೂ ಫೋಟೋಗಳಿಗೆ. ಈಗ ‘ಯಾಣ ನೋಡಿ ಇಳಿಯುವಷ್ಟರಲ್ಲಿ ಕತ್ತಲಾದರೆ’ ಎನ್ನುವ ಸಾಲಿನಲ್ಲೇ ‘ಹತ್ತಿರದಲ್ಲಿ ಉಳಿಯಲು ಮನೆ’ ಅಂತ ಲಿಂಕಿದೆ. ಉಂಚಳ್ಳಿ, ಸಹಸ್ರಲಿಂಗದ ಲೇಖನಗಳಲ್ಲಿ ಲಿಂಕಿನ ಮಾತು ಬೇರೆ. ಒಂದು ಲೇಖನದಲ್ಲಿ ಎರಡು ಲಿಂಕು, ಹೆಚ್ಚೆಂದರೆ ಮೂರು.

ನಿಜವಾದ ಫಲ ಸಿಕ್ಕಿದ್ದು ಜಾತ್ರೆ ಪುಟದಲ್ಲಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಅಲ್ವಾ, ಪ್ರತಿ ಸಲ ಹೊಸ ಪುಟ ಮಾಡಿ ಹಳೆಯದನ್ನು ಅಳಿಸುತ್ತಿದ್ದೆ. ಹೊರಗಿನವರು ಪಾಪ ಪ್ರೀತಿಯಿಂದ ಕೊಟ್ಟ ಹತ್ತು ಹದಿನೈದು ಲಿಂಕು 404ಗೆ, ಅಂದರೆ ‘ಪುಟ ಇಲ್ಲ’ ಅನ್ನುವ ಕಡೆಗೆ, ಹೋಗಿ ಬೀಳುತ್ತಿದ್ದವು. ದುಡ್ಡು ಕೊಟ್ಟು ಕಸ ಕೊಂಡವನು ಪುಕ್ಕಟೆ ಸಿಕ್ಕಿದ್ದನ್ನು ನಾನೇ ಎಸೆದಿದ್ದೆ. ಹಳೇ ವಿಳಾಸಗಳಿಗೆಲ್ಲ 301 (ಶಾಶ್ವತವಾಗಿ ಹೊಸ ವಿಳಾಸಕ್ಕೆ ಕಳಿಸುವ ಸೂಚನೆ) ಹಾಕಿ ಒಂದೇ ಪುಟಕ್ಕೆ ತಿರುಗಿಸಿದೆ. ಇನ್ನು ಮುಂದೆ ಆ ವಿಳಾಸದಲ್ಲಿ ಇಸವಿ ಇರುವುದಿಲ್ಲ.

ಸುಮ್ನೆ ಇನ್ನೊಂದು ಪ್ರಯೋಗ. ಬನವಾಸಿ ಲೇಖನದಲ್ಲಿ ಇಂಗ್ಲಿಷ್ ಆಂಕರ್ ತೆಗೆದು ಕನ್ನಡದ್ದು ಹಾಕಿದೆ. ಬುಕಿಂಗ್ ಜಾಸ್ತಿ ಆಗಲಿಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಕೇಳುವವರು ಜಾಸ್ತಿ ಆದರು. ಯಾಕೆಂದು ಇನ್ನೂ ತಿಳಿದಿಲ್ಲ, ಬಾಟಲಿ ಮಾತ್ರ ಖಾಲಿಯಾಗುತ್ತಿವೆ.

ಸೈಟು ಮೇಲೇರಲು ನಾಲ್ಕು ತಿಂಗಳು ಹಿಡಿಯಿತು. ತಿಂಗಳಿಗೆ ಎರಡು ಬುಕಿಂಗ್ ಇದ್ದದ್ದು ಹತ್ತು ಹನ್ನೆರಡಾಗಿದೆ. ಜಾಹೀರಾತಿನ ಮೂರು ಸಾವಿರ ಉಳಿಯುತ್ತಿದೆ. ಭಾವ ಮೊನ್ನೆ ತಮ್ಮ ಅಡಿಕೆ ಹಾಳೆತಟ್ಟೆ ಸೈಟಿನ ಪಾಸ್‌ವರ್ಡ್ ಕಳಿಸಿದ್ದಾರೆ.